ಕೊಡಗಿನಲ್ಲಿ ಕಾಂಕ್ರೀಟ್: ಯಾವುದನ್ನು ತಂದು ಕೂರಿಸಬೇಕು, ಯಾವುದನ್ನು ಸ್ಥಳದಲ್ಲೇ ಹಾಕಬೇಕು

ಕೊಡಗಿನಲ್ಲಿ ಕಾಂಕ್ರೀಟ್ ಕೆಲಸಕ್ಕೆ ಒಳ್ಳೆಯ ಕಾಲ ಡಿಸೆಂಬರಿನಿಂದ ಮಾರ್ಚ್. ಕಾಫಿ ಕೊಯ್ಲಿನ ಕಾಲವೂ ಅದೇ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ, ಅದರ ಬೆನ್ನಿಗೇ ಕರಿಮೆಣಸು. ಆಳು ಸಿಗುವುದಿಲ್ಲ, ಆಳು ಸಿಕ್ಕ ದಿನ ಪಿಕ್‌ಅಪ್ ಸಿಗುವುದಿಲ್ಲ. ಮಾರ್ಚ್ ಕೊನೆಗೆ ಹೂಮಳೆ, ಏಪ್ರಿಲ್–ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ, ಜೂನ್ ಬಂತೆಂದರೆ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ನಿಂತ ಹಾಗೆ. ಬೇರೆ ಕಡೆ ಅಚ್ಚಿನಲ್ಲಿ ಎರೆದು, ಗಟ್ಟಿಯಾದ ಮೇಲೆ ತಂದು ಕೂರಿಸುವ ಪ್ರೀಕಾಸ್ಟ್ ಕಡೆಗೆ ಜನ ನೋಡುವುದು ಈ ಇಕ್ಕಟ್ಟಿನಿಂದ. ನೋಡಬೇಕಾದ್ದೇ. ಆದರೆ ಎಲ್ಲದಕ್ಕೂ ಅಲ್ಲ.

ಮನೆ ಮತ್ತು ತೋಟದ ಮಟ್ಟದ ಕೆಲಸದಲ್ಲಿ ನಮ್ಮ ಸಲಹೆ ಇಷ್ಟು: ನೀರು ಸಾಗಿಸುವ ಭಾಗಗಳು, ಅಂದರೆ ಚರಂಡಿ, ಮೋರಿ, ಅವುಗಳ ಮುಚ್ಚಳ, ಪ್ರೀಕಾಸ್ಟ್ ಆಗಲಿ. ಮಣ್ಣು ತಡೆಯುವುದು, ಮನೆಯ ಭಾರ ಹೊರುವುದು, ತಲೆಯ ಮೇಲೆ ಬರುವುದು (ಲಿಂಟಲ್‌ನಂಥ ಸಣ್ಣ ತುಂಡು ಬಿಟ್ಟು) ಸ್ಥಳದಲ್ಲೇ ಹಾಕಿದ್ದಾಗಲಿ. ಪ್ರೀಕಾಸ್ಟ್‌ನಲ್ಲಿ ತುಂಡು ಗಟ್ಟಿ, ತೊಂದರೆಯೆಲ್ಲ ಜಾಯಿಂಟಿನದು. ಚರಂಡಿಯ ಜಾಯಿಂಟಿನಲ್ಲಿ ಸ್ವಲ್ಪ ಜಿನುಗಿದರೆ ಯಾರೂ ಕೇಳುವುದಿಲ್ಲ. ಗಾಳಿಬೀಡು, ಭಾಗಮಂಡಲದ ಮಳೆಯಲ್ಲಿ ತಾರಸಿಯ ಜಾಯಿಂಟ್ ಜಿನುಗಿದರೆ ಮೂರು ತಿಂಗಳು ಮನೆಯೊಳಗೆ ಬಕೆಟ್ ಇಡಬೇಕು. ಕುಶಾಲನಗರದ ಕಡೆ ಮಳೆ ಇದರ ಒಂದು ಪಾಲಷ್ಟೇ. ಅಲ್ಲಿ ಚೆನ್ನಾಗಿ ನಡೆದದ್ದನ್ನು ನೋಡಿ ಬಂದು ಬೆಟ್ಟದ ಮೇಲೆ ಹಾಗೇ ಮಾಡಹೋಗಬೇಡಿ.

ಮೊದಲು ದಾರಿ ಅಳೆಯಿರಿ

ದರಪಟ್ಟಿ ಕೇಳುವ ಮುಂಚೆ ತೂಕ ಲೆಕ್ಕ ಹಾಕಿ. ಕಂಬಿ ಹಾಕಿದ ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2,500 ಕೆ.ಜಿ. ತೂಗುತ್ತದೆ. ಒಳಗೆ 1.2 ಮೀ. × 1.2 ಮೀ. ಜಾಗವಿರುವ, 150 ಮಿ.ಮೀ. ದಪ್ಪದ ಬಾಕ್ಸ್ ಮೋರಿಯ ಒಂದು ಮೀಟರ್ ಉದ್ದದ ತುಂಡಿನಲ್ಲಿ 0.81 ಘನ ಮೀಟರ್ ಕಾಂಕ್ರೀಟ್ ಇರುತ್ತದೆ. ಅಂದರೆ ಎರಡು ಟನ್. ಐದು ಮೀಟರ್ ಅಗಲದ ತೋಟದ ರಸ್ತೆಗೆ ಐದು ತುಂಡು, ಒಟ್ಟು ಹತ್ತು ಟನ್. ಇದು ಪಿಕ್‌ಅಪ್‌ನ ಕೆಲಸವಲ್ಲ. ಲಾರಿ ಬೇಕು, ಇಳಿಸಲು ಹೈಡ್ರಾ ಕ್ರೇನ್ ಬೇಕು. 14 ಟನ್ ಹೈಡ್ರಾ ಎಂದರೆ ತೋಳು ಮಡಚಿ ಹತ್ತಿರದ್ದನ್ನು ಎತ್ತುವಾಗಿನ ಲೆಕ್ಕ. ತೋಳು ಚಾಚಿದಂತೆ ಅದು ಕಾಲು ಭಾಗಕ್ಕೂ ಇಳಿಯುತ್ತದೆ. ಅಲ್ಲದೆ ಇಳಿಜಾರಿನಲ್ಲಿ ಭಾರ ತೂಗಿಸಿಕೊಂಡು ಹೈಡ್ರಾ ಓಡಿಸಲೇಬಾರದು, ಮಗುಚುತ್ತದೆ. ಗೇಟಿನ ಅಗಲ, ತಿರುವು, ಕೆಳಗೆ ಜೋತ ಕರೆಂಟ್ ತಂತಿ, ದಾರಿಯಲ್ಲಿರುವ ಹಳೆಯ ಕಲ್ಲಿನ ಮೋರಿ, ಸಿಲ್ವರ್ ಓಕ್ ಕೊಂಬೆ, ಎಲ್ಲವನ್ನೂ ಒಮ್ಮೆ ಟೇಪು ಹಿಡಿದು ನೋಡಿ. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರೀ ವಾಹನಗಳಿಗೆ ನಿರ್ಬಂಧ ಹಾಕುವುದುಂಟು, ಹಾಗಾಗಿ ಜೂನ್ ನಂತರ ಮಾಲು ಬರುತ್ತದೆಂದು ನೆಚ್ಚಿ ಕೂರಬೇಡಿ.

ಪ್ಲಾಂಟಿನಲ್ಲೇ ಕಲಸಿ ಗಾಡಿಯಲ್ಲಿ ತರುವ ರೆಡಿಮಿಕ್ಸ್‌ಗೂ ಇದೇ ಮಾತು. ಆರು ಘನ ಮೀಟರ್ ಕಾಂಕ್ರೀಟ್ ಎಂದರೆ ಸರಕೇ 15 ಟನ್, ಮೇಲೆ ಗಾಡಿಯ ತೂಕ. ಪ್ಲಾಂಟಿನಲ್ಲಿ ತುಂಬಿಸಿದ ಎರಡು ಗಂಟೆಯೊಳಗೆ ಸುರಿಯಬೇಕೆಂಬುದು ಸಾಮಾನ್ಯ ನಿಯಮ. ಗಟ್ಟಿಯಾಗುವುದನ್ನು ತಡಮಾಡುವ ರಿಟಾರ್ಡರ್ ಹಾಕಿದರೆ ಇನ್ನಷ್ಟು ಸಮಯ ಸಿಗುತ್ತದೆ. ಮೈಸೂರಿನಿಂದ ಹೊರಟ ಲೋಡ್ ಗಾಡಿ ಮಡಿಕೇರಿ ಘಾಟಿ ಹತ್ತುವಷ್ಟರಲ್ಲಿ ಆ ಎರಡು ಗಂಟೆ ದಾಟಿರುತ್ತದೆ. ಪ್ಲಾಂಟ್ ಎಲ್ಲಿದೆ, ಎಷ್ಟು ಹೊತ್ತಿಗೆ ಹೊರಟಿತು ಎಂಬುದನ್ನು ಚಲನ್ನಿನಲ್ಲಿ ನೋಡಿ. ಗಟ್ಟಿಯಾಗುತ್ತಿದೆ ಎಂದು ಡ್ರೈವರ್ ಪೈಪು ಹಿಡಿದು ನೀರು ಬಿಟ್ಟರೆ ಆ ಲೋಡನ್ನು ಸ್ಲ್ಯಾಬಿಗೆ ಹಾಕಿಸಿಕೊಳ್ಳಬೇಡಿ.

ಮೋರಿ ಕೂರಿಸುವ ಕ್ರಮ

ಪ್ರೀಕಾಸ್ಟ್‌ನ ಲಾಭ ಕಣ್ಣಿಗೆ ಕಾಣುವುದು ಇಲ್ಲಿಯೇ. ಸ್ಥಳದಲ್ಲಿ ಬಾಕ್ಸ್ ಮೋರಿ ಹಾಕಲು ತಳ, ಗೋಡೆ, ಮೇಲಿನ ಸ್ಲ್ಯಾಬ್, ಸೆಂಟ್ರಿಂಗ್ ಬಿಚ್ಚುವುದು ಎಲ್ಲ ಸೇರಿ ಮೂರು–ನಾಲ್ಕು ವಾರ ದಾರಿ ಬಂದ್. ತಳ ಸಿದ್ಧವಿದ್ದರೆ ತಂದ ತುಂಡುಗಳನ್ನು ಒಂದು ದಿನದಲ್ಲಿ ಕೂರಿಸಬಹುದು.

ಅಳತೆ ನಿರ್ಧರಿಸುವಾಗ ಜನವರಿಯ ತೋಡನ್ನು ನೋಡಿ ಮೋಸಹೋಗಬೇಡಿ. ದಡದ ಮರಗಳ ಬುಡದಲ್ಲಿ ಕಸ ಸಿಕ್ಕಿಕೊಂಡ ಎತ್ತರ, ಬಂಡೆಯ ಮೇಲಿನ ಕೆಸರಿನ ಗೆರೆ ನೋಡಿ. ಆಗಸ್ಟಿನ ನೀರಿನ ಮಟ್ಟ ಅದು. 300 ಮಿ.ಮೀ. ಪೈಪು ಮೂರು ಹಾಕುವ ಬದಲು 900 ಮಿ.ಮೀ.ದು ಒಂದು ಹಾಕುವುದೇ ಮೇಲು. ಮರಗಸಿಯ (ನೆರಳಿನ ಮರ ಸವರಿದ) ಕೊಂಬೆ, ಕಾಫಿ ಗಿಡದ ಚಿಗುರು ಕಡಿದು ಬಿಟ್ಟದ್ದು ಸಣ್ಣ ಪೈಪಿನ ಬಾಯಿಗೆ ಅಡ್ಡ ಬಿದ್ದರೆ ನೀರು ರಸ್ತೆಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ಗಾಡಿ ಓಡಾಡುವ ಕಡೆ 600 ಮಿ.ಮೀ.ಗಿಂತ ಕಡಿಮೆಯ ಹ್ಯೂಮ್ ಪೈಪು (ಕಾಂಕ್ರೀಟ್ ಪೈಪು) ಬೇಡ. ಎನ್‌ಪಿ2 ದರ್ಜೆ ಹಗುರ ಗಾಡಿಗೆ ಮಾತ್ರ. ಕಾಫಿ ಲಾರಿ ಬರುವುದಾದರೆ ಎನ್‌ಪಿ3 ಕೇಳಿ, ಟಿಂಬರ್ ಲಾರಿ ಬರುವುದಾದರೆ ಎನ್‌ಪಿ4. 600 ಮಿ.ಮೀ. ಎನ್‌ಪಿ3 ಪೈಪಿನ ಎರಡೂವರೆ ಮೀಟರ್ ತುಂಡು ಒಂದು ಟನ್ನಿನ ಮೇಲೆ ತೂಗುತ್ತದೆ. ಇಳಿಸುವಾಗ ಬೆಲ್ಟ್ ಹಾಕಬೇಕು, ಚೈನ್ ಹಾಕಿದರೆ ತುದಿ ಒಡೆಯುತ್ತದೆ.

ಬಾಕ್ಸ್ ಆದರೆ, ಮೆದು ಮಣ್ಣು ಪೂರ್ತಿ ತೆಗೆದು ಗಟ್ಟಿ ನೆಲ ಸಿಗುವವರೆಗೆ ಅಗೆಯಿರಿ. 150 ಮಿ.ಮೀ. ಸೋಲಿಂಗ್ (ಕಲ್ಲಿನ ಹಾಸು), ಅದರ ಮೇಲೆ 100 ಮಿ.ಮೀ. ಬೆಡ್ ಕಾಂಕ್ರೀಟ್. ನೀರು ಹೋಗುವ ದಿಕ್ಕಿಗೆ 50 ಅಥವಾ 100 ಅಡಿಗೆ ಒಂದಡಿ ಇಳಿಜಾರು. ಬೆಡ್ಡಿನ ಮಟ್ಟ ತಪ್ಪಿದರೆ ತುಂಡುಗಳು ಒಂದಕ್ಕೊಂದು ಕಚ್ಚುವುದಿಲ್ಲ, ಆಮೇಲೆ ಕ್ರೇನ್ ನಿಲ್ಲಿಸಿಕೊಂಡು ಉಳಿಯಿಂದ ಕೆತ್ತುತ್ತಾ ಕೂರಬೇಕಾಗುತ್ತದೆ. ಬಾಡಿಗೆ ಮಾತ್ರ ಗಂಟೆ ಲೆಕ್ಕದಲ್ಲಿ ಓಡುತ್ತಿರುತ್ತದೆ. ಮೊದಲ ತುಂಡನ್ನು ಕೆಳದಂಡೆಯಲ್ಲಿ ಇಟ್ಟು ಮೇಲಕ್ಕೆ ಬನ್ನಿ. ಜಾಯಿಂಟಿಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿ, ಹೊರಮೈಗೆ ತಾರ್ ಶೀಟ್ ಸುತ್ತಿಸಿ.

ಪ್ರೀಕಾಸ್ಟ್ ಮೋರಿ ಕಿತ್ತುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ನೀರು ಒಳಗೆ ಹೋಗುವ ಕಡೆ ಮತ್ತು ಹೊರಬೀಳುವ ಕಡೆ ತಳದಿಂದ ಕೆಳಕ್ಕೆ ಒಂದು ಮೀಟರ್ ಇಳಿಯುವ ಅಡ್ಡಗೋಡೆ ಹಾಕಿರುವುದಿಲ್ಲ. ನೀರು ಬೆಡ್ಡಿನ ಅಡಿಗೆ ದಾರಿ ಮಾಡಿಕೊಂಡು ಮಣ್ಣು ಎಳೆಯುತ್ತದೆ, ತುಂಡು ಕೂರುತ್ತದೆ, ಜಾಯಿಂಟ್ ಬಾಯಿಬಿಡುತ್ತದೆ, ಮೇಲಿನ ರಸ್ತೆ ಗುಂಡಿಯಾಗುತ್ತದೆ. ಈ ಅಡ್ಡಗೋಡೆ, ಮುಖದ ಗೋಡೆ, ಪಕ್ಕದ ರೆಕ್ಕೆಗೋಡೆ ಮೂರನ್ನೂ ಸ್ಥಳದಲ್ಲೇ ಹಾಕಬೇಕು. ದರಪಟ್ಟಿಯಲ್ಲಿ ಇವು ಇವೆಯೇ ನೋಡಿ, ಸಾಮಾನ್ಯವಾಗಿ ಬಿಟ್ಟಿರುತ್ತಾರೆ. ಮಣ್ಣು ತುಂಬುವಾಗ ಎರಡೂ ಬದಿಗೆ ಸಮನಾಗಿ, 15–20 ಸೆಂ.ಮೀ. ಪದರ ಪದರವಾಗಿ ಕುಟ್ಟಿ ತುಂಬಿ. ಒಂದೇ ಬದಿಗೆ ಜೆಸಿಬಿಯಿಂದ ಸುರಿದರೆ ತುಂಡು ಜರುಗುತ್ತದೆ. ಮೇಲೆ ಎಷ್ಟು ಮಣ್ಣು ಬರಬೇಕೆಂದು ತಯಾರಕರ ಡ್ರಾಯಿಂಗ್‌ನಲ್ಲಿರುತ್ತದೆ, ಅದು ಬೀಳುವವರೆಗೆ ಲಾರಿ ಹತ್ತಿಸಬೇಡಿ.

ಬರೆಯ ತಡೆಗೋಡೆ

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದ ಮೇಲೆ ಮನೆ ಹಿಂದಿನ ಬರೆಯ (ಕತ್ತರಿಸಿದ ಗುಡ್ಡದ ಕಡಿದಾದ ಮೈಯ) ಬಗ್ಗೆ ಎಲ್ಲರಿಗೂ ಭಯ ಹುಟ್ಟಿದೆ. ಆ ಭಯದಲ್ಲಿ ಕೆಲವರು ಬರೆಗೆ ಪ್ರೀಕಾಸ್ಟ್ ಕಾಂಪೌಂಡ್ ಹಲಗೆ ಒರಗಿಸುತ್ತಾರೆ. ಎರಡಿಂಚು ದಪ್ಪದ ಆ ಹಲಗೆ ಇರುವುದು ದನ ಬರದಂತೆ ತಡೆಯಲು, ಮಣ್ಣು ತಡೆಯಲು ಅಲ್ಲ.

ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ಒಣಮಣ್ಣಿದ್ದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 2.7 ಟನ್ ಒತ್ತಡ ಬೀಳುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ತುಂಬಿದರೆ ಒತ್ತಡ ಸುಮಾರು 6 ಟನ್‌ಗೆ ಏರುತ್ತದೆ. ಗೋಡೆ ಬೀಳಿಸುವುದು ಮಣ್ಣಿಗಿಂತ ಹೆಚ್ಚಾಗಿ ಈ ನೀರು. ಆದ್ದರಿಂದ ನೀರು ಹೊರಬರಲು ಗೋಡೆಯಲ್ಲಿ ಅಡ್ಡ ಮತ್ತು ಎತ್ತರ ಎರಡೂ ಕಡೆ ಒಂದರಿಂದ ಒಂದೂವರೆ ಮೀಟರಿಗೆ ಒಂದರಂತೆ 75–100 ಮಿ.ಮೀ. ಪಿವಿಸಿ ಪೈಪು, ಹೊರಕ್ಕೆ ಸ್ವಲ್ಪ ಬಾಗಿಸಿ. ಗೋಡೆಯ ಬೆನ್ನಿಗೆ ಒಂದಡಿ ದಪ್ಪ ಜಲ್ಲಿ, ಜಲ್ಲಿ ಮತ್ತು ಮಣ್ಣಿನ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬಟ್ಟೆ ಇಲ್ಲದಿದ್ದರೆ ಕೆಮ್ಮಣ್ಣು ಕೆಲವೇ ಮಳೆಗಾಲದಲ್ಲಿ ಜಲ್ಲಿಯನ್ನು ಮುಚ್ಚಿಬಿಡುತ್ತದೆ. ಬರೆಯ ತಲೆಯ ಮೇಲೆ ಒಂದು ಚರಂಡಿ ಮಾಡಿ ನೀರನ್ನು ಪಕ್ಕಕ್ಕೆ ತಿರುಗಿಸಿ. ಈ ಮೇಲಿನ ಚರಂಡಿಗೆ ಪ್ರೀಕಾಸ್ಟ್ ಯು-ತುಂಡು ಬಹಳ ಚೆನ್ನ. ಒಂದಡಿ ಅಗಲ, ಒಂದಡಿ ಆಳದ್ದು ಮೀಟರಿಗೆ ಸುಮಾರು 200 ಕೆ.ಜಿ., ನಾಲ್ಕು ಜನ ಹಗ್ಗ ಕಟ್ಟಿ ಜರುಗಿಸಬಹುದು.

ಗೋಡೆಯನ್ನು ಡಿಸೈನ್ ಇಲ್ಲದೆ ಹಾಕಬೇಡಿ. ಜೋರು ಮಳೆಗೆ ಮೈಯೊಡ್ಡಿದ, ಮತ್ತೆ ಮತ್ತೆ ನೆನೆದು ಒಣಗುವ ಕಾಂಕ್ರೀಟಿಗೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಎಂ30 ದರ್ಜೆಯ ಗಟ್ಟಿತನ, ಕಂಬಿಯ ಹೊರಗೆ 45 ಮಿ.ಮೀ. ಕವರ್ (ಕಾಂಕ್ರೀಟ್ ಹೊದಿಕೆ) ಬೇಕು. ಇಲ್ಲಿನ ತಡೆಗೋಡೆ ಆ ಲೆಕ್ಕಕ್ಕೇ ಬರುತ್ತದೆ. ಬಾಂಡ್ಲಿ ಲೆಕ್ಕದ 1:1½:3 (ಸಿಮೆಂಟ್, ಮರಳು, ಜಲ್ಲಿ) ಎಂ20ಕ್ಕಷ್ಟೇ ಸಲ್ಲುವ ಮಿಶ್ರಣ. ಎಂ30ಕ್ಕೆ ಲ್ಯಾಬಿನಿಂದ ಮಿಕ್ಸ್ ಡಿಸೈನ್ ತರಬೇಕು, ತೂಕ ಮಾಡಿ ಹಾಕಬೇಕು. ಬರೆಯನ್ನು ಉದ್ದಕ್ಕೂ ಒಮ್ಮೆಗೇ ಕತ್ತರಿಸಿ ಬಿಡಬೇಡಿ. ನಾಲ್ಕೈದು ಮೀಟರ್ ಕತ್ತರಿಸಿ, ಗೋಡೆ ಮುಗಿಸಿ, ಮುಂದಕ್ಕೆ ಹೋಗಿ. ಏಪ್ರಿಲ್ ನಂತರ ಶುರುಮಾಡುವುದಾದರೆ ಮುಂದಿನ ಡಿಸೆಂಬರಿಗೆ ಇಟ್ಟುಕೊಳ್ಳುವುದೇ ಲೇಸು.

ತಾರಸಿ ಸ್ಲ್ಯಾಬ್

1,000 ಚದರಡಿ, ಐದಿಂಚು ದಪ್ಪದ ಸ್ಲ್ಯಾಬಿಗೆ 417 ಘನ ಅಡಿ, ಅಂದರೆ 11.8 ಘನ ಮೀಟರ್ ಕಾಂಕ್ರೀಟ್ ಬೇಕು. 1:1½:3ರ ಲೆಕ್ಕದಲ್ಲಿ 95 ಮೂಟೆ ಸಿಮೆಂಟ್, 175 ಘನ ಅಡಿ ಎಂ ಸ್ಯಾಂಡ್, 350 ಘನ ಅಡಿ 20 ಮಿ.ಮೀ. ಜಲ್ಲಿ. ಬೀಮು ಬೇರೆ. ನೂರಕ್ಕೆ ಐದು ಹೆಚ್ಚು ತರಿಸಿ.

ನೀರಿನ ವಿಷಯದಲ್ಲಿ ಮೇಸ್ತ್ರಿಯ ಜೊತೆ ಜಗಳವಾದರೂ ಸರಿ, ಬಿಟ್ಟುಕೊಡಬೇಡಿ. ಎಂ20ಕ್ಕೆ ಮೂಟೆಗೆ 30 ಲೀಟರ್ ಮಿತಿ. ಇಲ್ಲಿನ ಮಳೆಗೆ 25 ಲೀಟರಿನಲ್ಲಿ ನಿಲ್ಲಿಸಿ, ಮೃದು ಬೇಕಾದರೆ ಡಬ್ಬದ ಮೇಲೆ ಬರೆದಷ್ಟು ಪ್ಲಾಸ್ಟಿಸೈಜರ್ ಹಾಕಿ. ಮಳೆಯಲ್ಲಿ ನೆನೆದ ಎಂ ಸ್ಯಾಂಡಿನಲ್ಲಿ ನೂರಕ್ಕೆ ಐದು ನೀರಿದ್ದರೆ ಒಂದು ಮೂಟೆಯ ಪಾಲಿನ ಮರಳಿನಲ್ಲಿಯೇ ಸುಮಾರು ನಾಲ್ಕು ಲೀಟರ್ ಬಂದಿರುತ್ತದೆ. ಆಗ ಹಾಕಬೇಕಾದ್ದು 21 ಲೀಟರ್. ಮರಳಿನ ರಾಶಿಗೆ ಟಾರ್ಪಾಲ್ ಹೊದಿಸುವುದು ಇದಕ್ಕಾಗಿ. ಸಿಮೆಂಟನ್ನು ಗೋಡೆಯಿಂದ ಒಂದಡಿ, ನೆಲದಿಂದ ಅರ್ಧ ಅಡಿ ದೂರದಲ್ಲಿ ಹಲಗೆಯ ಮೇಲೆ ಪೇರಿಸಿ. ಮಳೆಗಾಲ ದಾಟಿಸಿದ ಮೂಟೆಯಲ್ಲಿ ಗಂಟು ಬೆರಳಿಗೆ ಪುಡಿಯಾಗದಿದ್ದರೆ ಅದು ಸ್ಲ್ಯಾಬಿಗೆ ಬೇಡ.

ಏಪ್ರಿಲ್–ಮೇನಲ್ಲೇ ಹಾಕಬೇಕಾದರೆ ಗಂಟೆಯ ಲೆಕ್ಕ ಹಾಕಿ. ಒಂದು ಮೂಟೆಯ ಮಿಕ್ಸರ್ ಐದು ನಿಮಿಷಕ್ಕೊಂದು ಬ್ಯಾಚ್ ಕೊಟ್ಟರೂ 95 ಬ್ಯಾಚಿಗೆ ಎಂಟು ಗಂಟೆ, ಅಷ್ಟರಲ್ಲಿ ಮಧ್ಯಾಹ್ನದ ಮಳೆ ತಲೆಯ ಮೇಲಿರುತ್ತದೆ. ಎರಡು ಮಿಕ್ಸರ್ ಇಟ್ಟು ಬೆಳಿಗ್ಗೆ ಆರಕ್ಕೆ ಶುರುಮಾಡಿದರೆ ಹನ್ನೊಂದಕ್ಕೆ ಮುಗಿಯುತ್ತದೆ. ನಡುವೆ ಮಳೆ ಬಂದೇ ಬಿಟ್ಟರೆ ಎಲ್ಲೆಂದರಲ್ಲಿ ನಿಲ್ಲಿಸಬೇಡಿ. ಸ್ಪ್ಯಾನಿನ (ಆಧಾರದಿಂದ ಆಧಾರಕ್ಕಿರುವ ಅಂತರದ) ನಡುವಿನ ಮೂರನೇ ಒಂದು ಭಾಗದೊಳಗೆ, ಅಡ್ಡ ಹಲಗೆ ಇಟ್ಟು ಅಂಚು ನೇರವಾಗಿ ಬರುವಂತೆ ನಿಲ್ಲಿಸಿ. ಮಾರನೆಯ ದಿನ ವೈರ್ ಬ್ರಷ್‌ನಿಂದ ಉಜ್ಜಿ, ತೊಳೆದು, ಸಿಮೆಂಟ್ ಹಾಲು ಬಳಿದು ಮುಂದುವರಿಸಿ. ಇಳಿಜಾರಾಗಿ ಬಿಟ್ಟ ತೆಳ್ಳನೆಯ ಅಂಚಿನಲ್ಲೇ ಆಮೇಲೆ ಸೋರುವುದು.

ಸೆಂಟ್ರಿಂಗ್ ಬಿಚ್ಚುವ ದಿನಗಳ ಬಗ್ಗೆ ಇಲ್ಲಿ ಒಂದು ವಿಷಯ ಮರೆತೇ ಹೋಗುತ್ತದೆ. 4.5 ಮೀ. ಸ್ಪ್ಯಾನ್‌ವರೆಗಿನ ಸ್ಲ್ಯಾಬಿಗೆ ಏಳು ದಿನ, ಅದಕ್ಕೆ ಮೇಲ್ಪಟ್ಟರೆ 14 ದಿನ, ಆರು ಮೀಟರ್‌ವರೆಗಿನ ಬೀಮಿಗೆ 14 ದಿನ, ಅದಕ್ಕೂ ಉದ್ದವಾದರೆ 21 ದಿನ ಎಂಬ ಐಎಸ್ 456ರ ಲೆಕ್ಕ ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ ಮತ್ತು 15 ಡಿಗ್ರಿಗಿಂತ ಕೆಳಗಿಳಿಯದ ಹವೆಗೆ ಬರೆದದ್ದು. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿ (ಹಾರುಬೂದಿ ಬೆರೆತ ಸಿಮೆಂಟ್), ಜನವರಿಯ ರಾತ್ರಿ ಮಡಿಕೇರಿಯಲ್ಲಿ 15ಕ್ಕಿಂತ ಕೆಳಗೆ. ಎರಡೂ ಕಾಂಕ್ರೀಟ್ ಗಟ್ಟಿಯಾಗುವುದನ್ನು ನಿಧಾನಿಸುತ್ತವೆ. ಏಳರ ಕಡೆ ಹತ್ತು–ಹನ್ನೆರಡು, 14ರ ಕಡೆ 21 ದಿನ ಆಧಾರದ ಜ್ಯಾಕ್ ತೆಗೆಯದೆ ಬಿಡಿ. ಸೆಂಟ್ರಿಂಗ್‌ನವನಿಗೆ ಇನ್ನೊಂದು ಸೈಟು ಕಾಯುತ್ತಿರುತ್ತದೆ, ಬಾಡಿಗೆಯ ಮಾತನ್ನು ಮೊದಲೇ ಆಡಿಕೊಳ್ಳಿ. ಚಳಿಯಲ್ಲಿ ಮೇಲ್ಮೈ ಒಣಗಿದ್ದು ಕಾಣುವುದಿಲ್ಲವೆಂದು ನೀರು ಹಾಕುವುದನ್ನು ಬಿಡಬೇಡಿ. ಪಿಪಿಸಿಗೆ ಕನಿಷ್ಠ ಹತ್ತು ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, 14 ಆದರೆ ಉತ್ತಮ.

ಇನ್ನು ಕಾರ್ಖಾನೆಯ ಹಾಲೋಕೋರ್ (ಒಳಗೆ ಟೊಳ್ಳಿರುವ) ಸ್ಲ್ಯಾಬ್, ಗೋಡೆ ಪ್ಯಾನೆಲ್‌ಗಳ ಮನೆ. ಬಯಲಿನಲ್ಲಿ, ಒಂದೇ ನಮೂನೆಯ ಹತ್ತಾರು ಮನೆ ಏಳಬೇಕಾದ ಕಡೆ ಅದಕ್ಕೆ ಅರ್ಥವಿದೆ. ಬೆಟ್ಟದ ಒಂಟಿ ಮನೆಗೆ ಲೆಕ್ಕ ಕೂಡಿಬರುವುದು ಕಷ್ಟ. ಹಾಕಿಸುವುದೇ ಆದರೆ ಹಲಗೆ ಬೀಮಿನ ಮೇಲೆ ಕನಿಷ್ಠ 75 ಮಿ.ಮೀ. ಕೂರಬೇಕು, ಮೇಲೆ ಕಂಬಿ ಜಾಲರಿ ಹಾಕಿದ ಎರಡಿಂಚಿನ ಕಾಂಕ್ರೀಟ್ ಹೊದಿಕೆ ಬರಬೇಕು, ಹಲಗೆಯಿಂದ ಹಲಗೆಗೂ ಬೀಮಿಗೂ ಕಂಬಿ ಕಟ್ಟಿರಬೇಕು. 2022ರ ಜೂನ್‌ನಲ್ಲಿ ಚೆಂಬು ಕಡೆ ಭೂಮಿ ಕಂಪಿಸಿದ್ದು ಸಣ್ಣದೇ ಆದರೂ, ಬರೀ ತೂಕದ ಮೇಲೆ ಕೂತ ಹಲಗೆ ನಡುಗಿದಾಗ ಜಾರುತ್ತದೆ. ಇಂಥ ತಾರಸಿಯ ಮೇಲೆ ಶೀಟಿನ ಮಾಡು ಹೇಗೂ ಬೇಕು. ಆ ಖರ್ಚನ್ನೂ ಸೇರಿಸಿ ಹೋಲಿಸಿ.

ಮಳೆಗಾಲದಲ್ಲಿ ಗೋಡೌನಿನೊಳಗೆ

ಚರಂಡಿ ಮುಚ್ಚಳ, ಬೇಲಿ ಕಂಬ, ಲಿಂಟಲ್ ಮುಂತಾದವನ್ನು ಕೊಳ್ಳುವ ಬದಲು ತೋಟದಲ್ಲೇ ಎರೆದುಕೊಳ್ಳಬಹುದು. ಅದಕ್ಕೆ ಜೂನ್–ಆಗಸ್ಟ್‌ನಷ್ಟು ಒಳ್ಳೆಯ ಕಾಲವಿಲ್ಲ. ಕಾಫಿ ಗೋಡೌನ್ ಖಾಲಿ, ಆಳಿಗೆ ಹೊರಗೆ ಕೆಲಸ ಕಡಿಮೆ, ಬಿಸಿಲಿಲ್ಲ, ಗಾಳಿಯಲ್ಲೇ ತೇವ. ಮಾಲನ್ನು ಮಾತ್ರ ಮೇ ಒಳಗೆ ಇಳಿಸಿಕೊಂಡಿರಬೇಕು.

ಮೂರಡಿ × ಎರಡಡಿ, ಮೂರಿಂಚು ದಪ್ಪದ ಮುಚ್ಚಳಕ್ಕೆ 12 ಮಿ.ಮೀ. ಜಲ್ಲಿ ಸಾಕು. 8 ಮಿ.ಮೀ. ಕಂಬಿ ಎರಡೂ ಕಡೆಗೆ ಆರಿಂಚಿಗೊಂದು, ತಳದಿಂದ 20 ಮಿ.ಮೀ. ಎತ್ತರದಲ್ಲಿ ಕವರ್ ಬ್ಲಾಕ್ ಮೇಲೆ. ಒಂದು ಮೂಟೆ ಸಿಮೆಂಟಿಗೆ ಮೂರು ಮುಚ್ಚಳ ಬರುತ್ತದೆ, ಒಂದೊಂದೂ ನೂರು ಕೆ.ಜಿ. ಇದು ಜನ ನಡೆಯುವುದಕ್ಕೆ, ಜೀಪು ಹತ್ತುವುದಾದರೆ ದಪ್ಪವೂ ಕಂಬಿಯೂ ಬೇರೆ. ಅಚ್ಚಿಗೆ ಎಣ್ಣೆ ಸವರಿ, ಕಂಬಿಗೆ ತಾಗಬಾರದು. ಎತ್ತುವ ಕೊಕ್ಕೆಗೆ ಟಿಎಂಟಿ ಬೇಡ, ನುಣುಪಾದ ಮೈಲ್ಡ್ ಸ್ಟೀಲ್ ಸರಳು ಹಾಕಿ. ಕೊಕ್ಕೆಯ ಜಾಗ ಎರಡೂ ತುದಿಯಿಂದ ಉದ್ದದ ಐದನೇ ಒಂದು ಭಾಗದಲ್ಲಿ. ಪೇರಿಸುವಾಗ ಅಡಿಗೆ ಕೊಡುವ ಮರದ ರಿಪೀಸೂ ಅಲ್ಲಿಯೇ, ಒಂದರ ನೇರಕ್ಕೆ ಒಂದು. ಇಲ್ಲಿನ ತಂಪಿಗೆ ಎರಡು ದಿನ ಬಿಟ್ಟು ಅಚ್ಚು ಬಿಚ್ಚಿ, ಹಳೆಯ ಗೋಣಿಚೀಲ ನೆನೆಸಿ 14 ದಿನ ಹೊದಿಸಿ, ಭಾರ ಹಾಕಲು 28 ದಿನ ಕಾಯಿರಿ.

ಬಿಚ್ಚಿದ ಕೂಡಲೇ ಮೇಲ್ಮುಖಕ್ಕೆ ಪೇಂಟಿನಲ್ಲಿ ಬಾಣದ ಗುರುತು ಹಾಕಿ. ಮುಚ್ಚಳ, ಲಿಂಟಲ್‌ಗಳಲ್ಲಿ ಕಂಬಿ ಇರುವುದು ಅಡಿಭಾಗದಲ್ಲಿ. ಅಚ್ಚಿನ ತಳಕ್ಕೆ ತಾಗಿದ ನುಣುಪಾದ ಮುಖ ಚೆಂದ ಕಾಣುತ್ತದೆಂದು ಆಳುಗಳು ಅದನ್ನೇ ಮೇಲೆ ಮಾಡಿ ಕೂರಿಸುತ್ತಾರೆ. ಆಗ ಎಳೆತ ಬೀಳುವ ಕಡೆ ಕಂಬಿಯೇ ಇಲ್ಲ, ಸಿಮೆಂಟ್ ಮೂಟೆ ಹೊತ್ತವನು ಕಾಲಿಟ್ಟಾಗ ನಡುವೆ ಮುರಿಯುತ್ತದೆ. ಮುಚ್ಚಳ ಮುರಿದ ದೂರುಗಳಲ್ಲಿ ಸಿಮೆಂಟಿಗಿಂತ ಮೊದಲು ನೋಡಬೇಕಾದ್ದು ಇದನ್ನು.

ಕಾಂಪೌಂಡ್, ಮತ್ತು ಮಾಲು ಇಳಿಸಿಕೊಳ್ಳುವಾಗ

ಪ್ರೀಕಾಸ್ಟ್ ಕಾಂಪೌಂಡಿನ ಏಳಡಿ ಉದ್ದದ ಹಲಗೆ 75–80 ಕೆ.ಜಿ., ಇಬ್ಬರು ಹೊರಬಹುದು, ಪಿಕ್‌ಅಪ್‌ನಲ್ಲಿ ಬರುತ್ತದೆ. ಸಮತಟ್ಟಾದ ಕಡೆ ಬೇಗ ಏಳುತ್ತದೆ. ಇಳಿಜಾರಿನಲ್ಲಿ ಹಲಗೆಯನ್ನು ಓರೆಯಾಗಿ ಕೂರಿಸಲಾಗದು, ಕಂಬದಿಂದ ಕಂಬಕ್ಕೆ ಮೆಟ್ಟಿಲಾಗಿ ಇಳಿಸಬೇಕು. ಮೆಟ್ಟಿಲಿನ ಕಂಬಕ್ಕೆ ಹೆಚ್ಚು ಉದ್ದ ಬೇಕಾಗುವುದರಿಂದ ಆರ್ಡರ್ ಕೊಡುವ ಮುಂಚೆ ಲೆವೆಲ್ ಹಿಡಿಯಿರಿ. ಕಂಬ ಕನಿಷ್ಠ ಎರಡಡಿ ನೆಲದೊಳಗೆ, ಸುತ್ತ ಕಾಂಕ್ರೀಟ್. ಕೆಳಗಿನ ಹಲಗೆಯ ಅಡಿಯಲ್ಲಿ ನೀರು ಹೋಗಲು ಸಂದು ಬಿಡಿ, ಇಲ್ಲವಾದರೆ ಮೇಲಿನ ಜಾಗದ ನೀರೆಲ್ಲ ಗೋಡೆಗೆ ಒತ್ತುತ್ತದೆ. ಆನೆ ತಡೆಯುತ್ತದೆಂದು ಯಾರಾದರೂ ಮಾರಿದರೆ ನಂಬಬೇಡಿ. ಆನೆಗೆ ಇದು ಒಂದು ದಬ್ಬಿನ ಕೆಲಸ.

ಯಾವ ಪ್ರೀಕಾಸ್ಟ್ ತರಿಸಿದರೂ ಬೆಲೆಯನ್ನು ತುಂಡಿನ ಲೆಕ್ಕದಲ್ಲಿ ಹೋಲಿಸಬೇಡಿ. ಲೋಡಿಂಗ್, ಸಾಗಾಟ, ಇಳಿಸುವುದು, ಕ್ರೇನಿನ ಕನಿಷ್ಠ ಗಂಟೆಗಳ ಬಾಡಿಗೆ, ಬೆಡ್, ಗ್ರೌಟ್ ಸೇರಿಸಿ, ಕೂರಿಸಿ ಕೊಡುವ ದರವನ್ನೇ ಬರೆಸಿಕೊಳ್ಳಿ. ಪ್ರತಿ ತುಂಡಿನ ಮೇಲೆ ಎರೆದ ದಿನಾಂಕ ಬರೆದಿರಬೇಕೆಂದು ಆರ್ಡರಿನಲ್ಲೇ ಹೇಳಿ, ಕ್ಯೂಬ್ ಪರೀಕ್ಷೆಯ (ಕಾಂಕ್ರೀಟ್ ಎಷ್ಟು ಗಟ್ಟಿ ಎಂದು ನೋಡುವ ಪರೀಕ್ಷೆಯ) 28 ದಿನದ ವರದಿ ಕೇಳಿ. ಇಳಿಸುವ ದಿನ ಮೂಲೆ ಒಡೆದದ್ದು, ಕಂಬಿ ಕಾಣುವುದು, ಅಡ್ಡ ಬಿರುಕು ಬಿಟ್ಟದ್ದನ್ನು ಬೇರೆ ಮಾಡಿ. ಮೇಲ್ಮೈಯ ಸಣ್ಣ ಗುಳಿಗಳಿಂದ ತೊಂದರೆಯಿಲ್ಲ, ಜಲ್ಲಿ ಬಿಡಿಬಿಡಿಯಾಗಿ ಕಾಣುವ ತೂತುಗಳಿದ್ದರೆ ಬೇಡ. ಇದನ್ನೆಲ್ಲ ತುಂಡು ಲಾರಿಯ ಮೇಲಿರುವಾಗಲೇ ಹತ್ತಿ ನೋಡಿ. ಒಮ್ಮೆ ಇಳಿಸಿಕೊಂಡರೆ ಅದನ್ನು ವಾಪಸ್ ಹೊತ್ತು ಘಾಟಿ ಇಳಿಯಲು ಯಾವ ಡ್ರೈವರನೂ ಒಪ್ಪುವುದಿಲ್ಲ.